ಮೈಯಲ್ಲಿ ಉಳಿದ ವಿಷ

ಅವತಾರವೆಂಬ ಮಾತು ನಮಗೆ ಹೊಸದಲ್ಲ. ದಶಾವತಾರದ ಕಥೆಗಳನ್ನು ಕೇಳಿ ಬೆಳೆದವರು ನಾವು. ಹುಡುಗನೊಬ್ಬ ಮೈಯೆಲ್ಲ ಕೆಸರು ಮೆತ್ತಿಕೊಂಡು ಬಂದು ಹೊಸ್ತಿಲಲ್ಲಿ ನಿಂತರೆ ‘ಇದೇನೋ ನಿನ್ನ ಅವತಾರ!’ ಎಂದು ಗದರಿಸುವ ತಾಯಿಗೂ ಆ ಶಬ್ದವೇ ಬೇಕು. ಆದರೆ ಈ ಶಬ್ದವು ಕಡಲು ದಾಟಿ ಹೋಗಿ, ಅಮೆರಿಕದ ಇಬ್ಬರು ಕಲಾವಿದರ ಕೈಗೆ ಸಿಕ್ಕಿ, ಕೊರಿಯ ದೇಶದ ಚಿತ್ರಶಾಲೆಯಲ್ಲಿ ಬಣ್ಣ ಬಳಿಸಿಕೊಂಡು, ಮರಳಿ ನಮ್ಮ ಮಕ್ಕಳ ಅಂಗೈಯೊಳಗಿನ ಪುಟ್ಟ ಪರದೆಯ ಮೇಲೆ ಬಂದು ಕುಳಿತಿರುವ ಬಗೆ ಮಾತ್ರ ವಿಚಿತ್ರವಾದುದು. ಬೀದರ ಜಿಲ್ಲೆಯ ಬೇಮಳಖೇಡದಂತಹ ಊರಿನಲ್ಲಿಯೂ, ಕನ್ನಡ ಮರಾಠಿ ಉರ್ದು ತೆಲುಗುಗಳನ್ನು ಒಂದೇ ಮಾತಿನಲ್ಲಿ ಬೆರೆಸಿ ಆಡಬಲ್ಲ ನಮ್ಮ ಹುಡುಗ ಹುಡುಗಿಯರಿಗೆ ಈ ಹೊಸ ಅವತಾರದ ಪರಿಚಯವುಂಟು. ಆಕೆಯ ಹೆಸರು ಕೋರಾ.

‘ದಿ ಲೆಜೆಂಡ್ ಆಫ್ ಕೋರಾ’ ಎಂಬುದು 2012ರ ಏಪ್ರಿಲಿನಿಂದ 2014ರ ಡಿಸೆಂಬರಿನವರೆಗೆ ಅಮೆರಿಕದ ನಿಕಲೋಡಿಯನ್ ಸಂಸ್ಥೆಯಿಂದ ಹೊರಬಂದ ಚಿತ್ರಮಾಲೆ. ಒಟ್ಟು 52 ಕಂತುಗಳು. ಅವನ್ನು ನಾಲ್ಕು ‘ಪುಸ್ತಕ’ಗಳಾಗಿ ವಿಂಗಡಿಸಿದ್ದಾರೆ. ಮೈಕಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್ಕೊ ಎಂಬ ಗೆಳೆಯರಿಬ್ಬರು ಇದರ ಕರ್ತೃಗಳು. ಇವರೇ 2005ರಿಂದ 2008ರವರೆಗೆ ಆಂಗ್ ಎಂಬ ಬಾಲಕನನ್ನು ನಾಯಕನನ್ನಾಗಿಸಿಕೊಂಡು ಇದೇ ಲೋಕದ ಹಿಂದಿನ ಕಥೆಯನ್ನು 61 ಕಂತುಗಳಲ್ಲಿ ಹೇಳಿದ್ದರು. ಕೋರಾಳ ಕಥೆಗೆ ಚಲನೆಯನ್ನು ಕೊಟ್ಟವರಲ್ಲಿ ಸೋಲ್ ನಗರದ ಸ್ಟುಡಿಯೋ ಮಿರ್ ಕಲಾವಿದರೇ ಮುಖ್ಯರು.

ಇವರ ಕಲ್ಪನೆಯ ಲೋಕದಲ್ಲಿ ಕೆಲವರಿಗೆ ನೀರನ್ನು, ಕೆಲವರಿಗೆ ಮಣ್ಣನ್ನು, ಇನ್ನು ಕೆಲವರಿಗೆ ಬೆಂಕಿಯನ್ನೋ ಗಾಳಿಯನ್ನೋ ಕೈಯ ಚಲನೆಯಿಂದ ಆಡಿಸುವ ಶಕ್ತಿಯುಂಟು. ನಾಲ್ಕನ್ನೂ ಆಡಿಸಬಲ್ಲವನು ಯಾವ ಕಾಲಕ್ಕೂ ಒಬ್ಬನೇ, ಅವನೇ ಅವತಾರ. ಅವನು ಅಳಿದರೆ ಮತ್ತೊಂದು ನಾಡಿನಲ್ಲಿ ಮತ್ತೊಂದು ದೇಹದಲ್ಲಿ ಹುಟ್ಟಿಬರುತ್ತಾನೆ. ನಮ್ಮ ಪಂಚಭೂತಗಳಲ್ಲಿ ಆಕಾಶವೊಂದನ್ನು ಈ ಮಹನೀಯರು ಕೈಬಿಟ್ಟಿದ್ದಾರೆ. ಕಾರಣವನ್ನು ಅವರೇ ಬಲ್ಲರು. ಆಂಗನ ತರುವಾಯದ ಅವತಾರವು ದಕ್ಷಿಣ ಧ್ರುವದ ಹಿಮದೂರಿನಲ್ಲಿ ಹೆಣ್ಣುಮಗುವಾಗಿ ಹುಟ್ಟಿತು. ಮೊದಲ ಕಂತಿನಲ್ಲಿಯೇ ಆ ಪುಟ್ಟ ಹುಡುಗಿ ನೀರು, ಮಣ್ಣು, ಬೆಂಕಿ ಮೂರನ್ನೂ ಚಿಮ್ಮಿಸುತ್ತ ಹಿರಿಯರ ಮುಂದೆ ನುಗ್ಗಿ ಬಂದು ತಾನೇ ಅವತಾರವೆಂದು ಸಾರುತ್ತಾಳೆ. ಸಂಕೋಚವೆಂಬುದನ್ನು ಅರಿಯದ ಮಗು. ಹದಿನೇಳರ ಹರೆಯಕ್ಕೆ ಬಂದಾಗಲೂ ತೋಳ್ಬಲವೇ ಅವಳಿಗೆ ಮೊದಲ ಉತ್ತರ.

ಬೊಂಬೆಚಿತ್ರಗಳೆಂದರೆ ಬೇಸಗೆಯ ಮಧ್ಯಾಹ್ನ ಮಕ್ಕಳನ್ನು ಸುಮ್ಮನಿರಿಸುವ ಸಾಧನವೆಂದು ತಿಳಿದಿರುವ ಹಿರಿಯರು ಮನೆಗಳಲ್ಲಿ ಬಹಳ. ಅವರಿಗೆ ನಾನು ವಿರೋಧಿಯಲ್ಲ. ಹೆಚ್ಚಿನವು ಅಷ್ಟಕ್ಕೇ ಯೋಗ್ಯ. ಆದರೆ ಈ ಮಾಲೆಯ ನಾಲ್ಕನೆಯ ಪುಸ್ತಕವು ಆ ಜಾತಿಗೆ ಸೇರಿದ್ದಲ್ಲ. ಭಯದಿಂದ ಮುರಿದ ಮನಸ್ಸೊಂದು ಮತ್ತೆ ಕೂಡಿಕೊಳ್ಳುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ಎಷ್ಟು ಸಲ ಸೋಲುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ಚಿತ್ರಿಸಿದ ಕೃತಿಗಳು ದೊಡ್ಡವರ ಚಲಚ್ಚಿತ್ರಗಳಲ್ಲಿಯೂ ವಿರಳವೆಂದು ನನ್ನ ಎಣಿಕೆ.

ಮೊದಲನೆಯ ಪುಸ್ತಕದಲ್ಲಿ ಈ ತಾಳ್ಮೆ ಇರಲಿಲ್ಲ. ಅಲ್ಲಿ ಮುಖವಾಡ ತೊಟ್ಟ ಅಮಾನ್ ಎಂಬವನು ಶಕ್ತಿಯುಳ್ಳವರ ಹಣೆಯನ್ನು ಮುಟ್ಟಿ ಅವರ ಶಕ್ತಿಯನ್ನು ಕಿತ್ತುಕೊಳ್ಳುತ್ತಾನೆ. ಕೋರಾ ಅವನಿಗೆ ಹೆದರುತ್ತಾಳೆ, ಕನಸಿನಲ್ಲಿ ಬೆಚ್ಚಿಬೀಳುತ್ತಾಳೆ, ಕೊನೆಗೆ ಅವಳ ಶಕ್ತಿಯೂ ಹೋಗುತ್ತದೆ. ಹಿಮದ ಬಂಡೆಯಂಚಿನಲ್ಲಿ ಕುಳಿತು ಅವಳು ಅಳುತ್ತಿರುವಾಗ ಹಿಂದಿನ ಅವತಾರವಾದ ಆಂಗ್ ಪ್ರತ್ಯಕ್ಷನಾಗಿ ಕಳೆದುಹೋದುದನ್ನೆಲ್ಲ ಒಂದೇ ಕ್ಷಣದಲ್ಲಿ ಮರಳಿಸಿಬಿಡುತ್ತಾನೆ. ಹಳೆಯ ಕಂಪೆನಿ ನಾಟಕಗಳ ಕೊನೆಯ ಅಂಕದಲ್ಲಿ ಶಿವನೋ ವಿಷ್ಣುವೋ ಮೇಲಿನಿಂದ ಇಳಿದು ಬಂದು ಎಲ್ಲವನ್ನೂ ಸರಿಪಡಿಸಿದಂತೆ! ಪ್ರೇಕ್ಷಕನಿಗೆ ಆನಂದವಾದೀತು, ನಂಬಿಕೆ ಬಾರದು. ಈ ಸುಲಭದ ಬಿಡುಗಡೆಯ ಸಾಲವನ್ನು ಕರ್ತೃಗಳು ಮುಂದೆ ಬಡ್ಡಿಸಹಿತ ತೀರಿಸಿದ್ದಾರೆ.

ಸಾಲ ತೀರಿಸುವ ಕೆಲಸ ಮೂರನೆಯ ಪುಸ್ತಕದ ಕೊನೆಯಲ್ಲಿ ಆರಂಭವಾಗುತ್ತದೆ. ಜಹೀರ್ ಎಂಬ ಅರಾಜಕವಾದಿ, ಲೋಕದಲ್ಲಿ ಅರಸರೂ ಬೇಡ, ಅವತಾರವೂ ಬೇಡ ಎಂಬ ತತ್ತ್ವದವನು. ಅವನ ಸಂಗಡಿಗರು ಕೋರಾಳನ್ನು ಸಂಕೋಲೆಗಳಲ್ಲಿ ಬಿಗಿದು ದ್ರವಲೋಹದ ವಿಷವನ್ನು ಅವಳ ಮೈಯೊಳಕ್ಕೆ ಇಳಿಸುತ್ತಾರೆ. ಚರ್ಮದ ಮೂಲಕ ಹೊಕ್ಕ ಆ ವಿಷವು ಪ್ರಾಣಸಂಕಟವನ್ನು ತಂದಾಗ ಅವಳು ತನ್ನ ಪರಮಶಕ್ತಿಯ ಸ್ಥಿತಿಯನ್ನು ಪ್ರವೇಶಿಸಲೇಬೇಕಾಗುತ್ತದೆ. ಆ ಸ್ಥಿತಿಯಲ್ಲಿ ಅವಳನ್ನು ಕೊಂದರೆ ಅವತಾರಗಳ ಪರಂಪರೆಯೇ ಅಳಿಯುವುದು. ಜಹೀರನ ಹೂಟ ಫಲಿಸುವುದಿಲ್ಲ. ಸಂಗಾತಿಗಳು ಅವಳನ್ನು ಉಳಿಸಿಕೊಳ್ಳುತ್ತಾರೆ, ಲೋಹವನ್ನು ಹೊರಕ್ಕೆ ಸೆಳೆಯುತ್ತಾರೆ, ಜಹೀರ್ ಸೆರೆಯಾಗುತ್ತಾನೆ. ಸಾಮಾನ್ಯ ಕಥೆಯಾಗಿದ್ದರೆ ಇಲ್ಲಿ ವಾದ್ಯಗಳು ಮೊಳಗಿ ತೆರೆ ಬೀಳಬೇಕಾಗಿತ್ತು. ಇಲ್ಲಿ ಎರಡು ವಾರಗಳ ಅನಂತರದ ದೃಶ್ಯವೊಂದಿದೆ. ಊರೆಲ್ಲ ಸಂಭ್ರಮದಲ್ಲಿ ನೆರೆದಿದೆ; ಗುರುವು ತನ್ನ ಮಗಳಿಗೆ ದೀಕ್ಷೆ ಕೊಡುತ್ತಿದ್ದಾನೆ; ಗಾಲಿಕುರ್ಚಿಯ ಮೇಲೆ ಕುಳಿತ ಕೋರಾಳ ಕಣ್ಣಿನಿಂದ ಒಂದು ಹನಿ ಉರುಳುತ್ತದೆ. ಅಷ್ಟೇ. ಆ ಹನಿ ಆನಂದದ್ದೋ ದುಃಖದ್ದೋ ಎಂದು ಯಾರೂ ಕೇಳುವುದಿಲ್ಲ. ಊರಿನವರಿಗೆ ಗೆದ್ದ ದಿನ, ಅವಳಿಗೆ ಅಲ್ಲ.

ಮೂರು ವರ್ಷಗಳ ಮೌನ

ನಾಲ್ಕನೆಯ ಪುಸ್ತಕವು ಮೂರು ವರ್ಷಗಳು ಕಳೆದ ಮೇಲೆ ತೆರೆದುಕೊಳ್ಳುತ್ತದೆ. ಅವತಾರವು ರಾಜಧಾನಿಗೆ ಹಿಂದಿರುಗುವಳೆಂದು ಎಲ್ಲರೂ ಕಾದಿದ್ದಾರೆ. ಹಡಗು ಬರುತ್ತದೆ, ಅವಳಿಲ್ಲ. ಕಂತಿನ ಕೊನೆಯಲ್ಲಿ ನಮಗೆ ಕಾಣುವುದು ಎಲ್ಲಿಯೋ ಒಂದು ಹಾಳುಪಟ್ಟಣದ ಕುಸ್ತಿಯ ಕಣ. ಅಲ್ಲಿ ಕೂದಲು ಕತ್ತರಿಸಿಕೊಂಡ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಒಬ್ಬ ಹೆಣ್ಣು ಪೆಟ್ಟು ತಿಂದು ಬೀಳುತ್ತಾಳೆ. ನೀನು ಅವತಾರದಂತೆ ಕಾಣುತ್ತೀಯಲ್ಲ ಎಂದವನಿಗೆ ತಾನು ಅಲ್ಲವೆಂದು ಹೇಳಿ ಹೊರಡುತ್ತಾಳೆ.

ಆ ಮೂರು ವರ್ಷಗಳಲ್ಲಿ ಏನಾಯಿತೆಂಬುದೇ ಎರಡನೆಯ ಕಂತು. ಇಡೀ ಮಾಲೆಯಲ್ಲಿ ಉತ್ತಮವಾದುದು ಯಾವುದೆಂದು ನನ್ನನ್ನು ಕೇಳಿದರೆ ಇದನ್ನೇ ತೋರಿಸುತ್ತೇನೆ. ತಾಯ್ತಂದೆಯರ ಊರಿನಲ್ಲಿ, ಮುಪ್ಪಿನ ಕತಾರಾ ಎಂಬ ವೈದ್ಯೆಯ ಕೈಯಲ್ಲಿ, ಕೋರಾ ಒಂದು ಹೆಜ್ಜೆ ಇಡುವುದನ್ನು ಕಲಿಯುತ್ತಾಳೆ. ಕಾಲ್ಬೆರಳನ್ನು ಅಲುಗಿಸುವುದೇ ಒಂದು ಸಾಧನೆ. ಗೆಳೆಯರ ಕಾಗದಗಳು ಬರುತ್ತವೆ. ಉತ್ತರ ಬರೆಯಲು ಕೈ ಏಳುವುದಿಲ್ಲ. ಬಹುಕಾಲದ ಮೇಲೆ ಅಸಾಮಿ ಎಂಬ ಒಬ್ಬ ಗೆಳತಿಗೆ ಮಾತ್ರ ಬರೆಯುತ್ತಾಳೆ. ಕಾಲು ಕೂಡಿಬಂದು ಕಾಳಗದ ಅಭ್ಯಾಸಕ್ಕೆ ನಿಂತರೆ ಎದುರಾಳಿಯ ಕೈಯ ಬೆಂಕಿಯಲ್ಲಿ ಜಹೀರನ ರೂಪ ಕಾಣುತ್ತದೆ, ಮೈ ಕಲ್ಲಾಗುತ್ತದೆ. ದೋಣಿಯಲ್ಲಿ ಕುಳಿತು ರಾಜಧಾನಿಯ ತೀರದವರೆಗೂ ಬಂದವಳು, ದಂಡೆಯ ಮೇಲೆ ತನ್ನದೇ ಆಕಾರವೊಂದು ಸಂಕೋಲೆಗಳನ್ನು ಜೋಲಿಸಿಕೊಂಡು, ಕಣ್ಣು ಬೆಳ್ಳಗೆ ಉರಿಯುತ್ತ ನಿಂತಿರುವುದನ್ನು ಕಂಡು ದೋಣಿಯನ್ನು ತಿರುಗಿಸುತ್ತಾಳೆ. ತನ್ನನ್ನು ಅಟ್ಟಿಸಿಕೊಂಡು ಬರುತ್ತಿರುವ ಭೂತ ಶತ್ರುವಿನದಲ್ಲ, ವಿಷ ಕುಡಿದ ದಿನದ ತನ್ನದೇ ಭೂತ. ಈ ಒಂದು ಕಲ್ಪನೆಗಾಗಿ ಆ ಗೆಳೆಯರಿಬ್ಬರಿಗೂ ನಮಸ್ಕಾರ ಹೇಳಬೇಕು.

ಅಲೆದಲೆದು ಅವಳು ಒಂದು ಜೌಗುಕಾಡನ್ನು ಸೇರುತ್ತಾಳೆ. ಅಲ್ಲಿ ಟೋಫ್ ಎಂಬ ಕುರುಡು ಮುದುಕಿ ಇದ್ದಾಳೆ. ಲೋಹವನ್ನು ಮಣಿಸುವ ವಿದ್ಯೆಯನ್ನು ಮೊದಲು ಕಂಡುಕೊಂಡವಳು, ಬಾಯಿ ಬಹಳ ಒರಟು. ನಮ್ಮ ಕಡೆಯ ಕೆಲವು ಅಜ್ಜಿಯಂದಿರ ನೆನಪಾಗದೆ ಇರದು; ಬೈಗುಳವೇ ಅವರ ಮುದ್ದು. ಕೋರಾಳ ಮೈಯೊಳಗೆ ಲೋಹದ ಕಣಗಳು ಇನ್ನೂ ಉಳಿದಿವೆಯೆಂದು ಆ ಮುದುಕಿ ಪತ್ತೆಹಚ್ಚುತ್ತಾಳೆ. ತಾನೇ ಎಳೆದುಹಾಕಲು ನೋಡಿದರೆ ಕೋರಾಳ ದೇಹವೇ ಬಿಗಿದುಕೊಂಡು ತಡೆಯುತ್ತದೆ. ನೀನೇ ತೆಗೆಯಬೇಕು ಎಂದು ಮುದುಕಿ ಕೈಬಿಡುತ್ತಾಳೆ. ಕೆಲವು ದಿನಗಳ ಅನಂತರ ಗುರುವಿನ ಮಕ್ಕಳು ಅವಳನ್ನು ಹುಡುಕಿಕೊಂಡು ಬಂದು, ಲೋಕಕ್ಕೆ ಅವಳ ಅಗತ್ಯವಿದೆಯೆಂದು ಹೇಳಿದ ಮೇಲೆಯೇ ಅವಳು ಹಲ್ಲು ಕಚ್ಚಿ ಕುಳಿತು ಆ ಕೊನೆಯ ಕಣಗಳನ್ನು ಹೊರಹಾಕುತ್ತಾಳೆ.

ವಿಷ ಹೋಯಿತು, ಇನ್ನೇನು ಗುಣವಾಯಿತು ಎಂದು ನಾವು ನಿಟ್ಟುಸಿರಿಡುವಷ್ಟರಲ್ಲಿ ಕಥೆ ನಮ್ಮನ್ನು ಮತ್ತೆ ಕೆಡವುತ್ತದೆ. ಕುವೀರಾ ಎಂಬ ಸರ್ವಾಧಿಕಾರಿಣಿಯೊಡನೆ ಕಾಳಗಕ್ಕೆ ನಿಂತ ಕೋರಾ, ಗೆಲ್ಲುವ ಗಳಿಗೆಯಲ್ಲಿ, ಎದುರಾಳಿಯ ಮುಖದ ಜಾಗದಲ್ಲಿ ತನ್ನದೇ ಭೂತವನ್ನು ಕಂಡು ತತ್ತರಿಸಿ ಸೋಲುತ್ತಾಳೆ. ಲೋಹ ಮೈಯಿಂದ ಹೋಗಿತ್ತು, ನೆನಪು ಹೋಗಿರಲಿಲ್ಲ.

ಚಿತ್ರ ನೋಡಿ ಬೆಚ್ಚಿದ ಸೀತೆ

ಇಲ್ಲಿ ನಮ್ಮ ಹಳೆಯ ಕಾವ್ಯವೊಂದನ್ನು ವಾಚಕರ ನೆನಪಿಗೆ ತರಬೇಕಾಗಿದೆ. ಎಂಟನೆಯ ಶತಮಾನದ ಭವಭೂತಿಯು ತನ್ನ ‘ಉತ್ತರರಾಮಚರಿತ’ ನಾಟಕದ ಮೊದಲಂಕವನ್ನು ಚಿತ್ರದರ್ಶನದಿಂದ ಆರಂಭಿಸುತ್ತಾನೆ. ಲಂಕೆಯಿಂದ ಮರಳಿ ಪಟ್ಟಕ್ಕೆ ಬಂದಾಗಿದೆ, ಸೀತೆ ತುಂಬುಗರ್ಭಿಣಿ, ಅವಳ ಮನಸ್ಸನ್ನು ಹಗುರಗೊಳಿಸಲೆಂದು ಲಕ್ಷ್ಮಣನು ವನವಾಸದ ಕಥೆಯನ್ನು ಬರೆಸಿದ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತ ಹೋಗುತ್ತಾನೆ. ಶೂರ್ಪನಖಿಯ ಚಿತ್ರ ಬಂದೊಡನೆ ಸೀತೆ ಹೆದರುತ್ತಾಳೆ. ಇದು ಬರಿಯ ಚಿತ್ರವೆಂದು ರಾಮನು ಸಂತೈಸಬೇಕಾಗುತ್ತದೆ. ಕಳೆದುಹೋದ ಭಯವು ಬಣ್ಣದ ಗೆರೆಗಳಲ್ಲಿ ಮರಳಿ ಬಂದು ಮೈ ನಡುಗಿಸುವುದನ್ನು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಆ ಕವಿ ಕಂಡಿದ್ದನು. ಇನ್ನೂ ಸೂಕ್ಷ್ಮವಾದುದೊಂದಿದೆ: ಚಿತ್ರಗಳನ್ನೆಲ್ಲ ನೋಡಿ ಮುಗಿಸಿದ ಸೀತೆಗೆ ಬಯಕೆಯಾಗುವುದು ಅರಮನೆಯ ಸುಖದಲ್ಲಲ್ಲ, ಆ ವನಗಳನ್ನೇ, ಆ ಗಂಗೆಯನ್ನೇ ಮತ್ತೊಮ್ಮೆ ಕಾಣಬೇಕೆಂದು. ಅವಳ ಬಯಕೆಯನ್ನು ವಿಧಿ ಹೇಗೆ ನಡೆಸಿಕೊಟ್ಟಿತೆಂಬುದು ಎಲ್ಲರಿಗೂ ತಿಳಿದದ್ದೇ.

ನಮ್ಮ ಜನಪದರು ಇದಕ್ಕಿಂತಲೂ ಮುಂದೆ ಹೋದರು. ಚಿತ್ರಪಟದ ಕಥೆಯನ್ನು ಕೇಳದವರು ಕಡಿಮೆ. ಪಾಠಗಳು ಹಲವಿದ್ದರೂ ತಿರುಳು ಒಂದೇ. ಶೂರ್ಪನಖಿ ವೇಷ ಮರೆಸಿಕೊಂಡು ಅಯೋಧ್ಯೆಗೆ ಬಂದು, ರಾವಣ ಹೇಗಿದ್ದನೆಂದು ಬರೆದು ತೋರಿಸೆಂದು ಸೀತೆಯನ್ನು ಕಾಡುತ್ತಾಳೆ. ತಾನು ಅವನ ಕಾಲಿನ ಹೆಬ್ಬೆರಳನ್ನಲ್ಲದೆ ಬೇರೇನನ್ನೂ ನೋಡಿಲ್ಲವೆಂದು ಸೀತೆ ಅಷ್ಟನ್ನೇ ಬರೆಯುತ್ತಾಳೆ. ಆ ಹೆಬ್ಬೆರಳಿಗೆ ಉಳಿದ ಅಂಗಗಳು ಕೂಡಿಕೊಂಡು ಪಟದ ರಾವಣ ಜೀವ ತಳೆಯುತ್ತಾನೆ. ಅಡಗಿಸಿದರೆ ಅಡಗುವುದಿಲ್ಲ, ಅಳಿಸಿದರೆ ಅಳಿಯುವುದಿಲ್ಲ. ಎಚ್. ಎಸ್. ವೆಂಕಟೇಶಮೂರ್ತಿಯವರು ತಮ್ಮ ‘ಚಿತ್ರಪಟ’ ನಾಟಕವನ್ನು ಕಟ್ಟಿದ್ದು ಈ ಕಥೆಯಿಂದಲೇ. ಜೀವ ಬಂದ ಚಿತ್ರವೆಂಬ ಮಾತಿಗೆ ಇದಕ್ಕಿಂತ ಭಯಂಕರವಾದ ಅರ್ಥ ಉಂಟೆ? ಹೆಬ್ಬೆರಳೊಂದೇ ಸಾಕು, ಉಳಿದದ್ದನ್ನು ನೆನಪೇ ಬರೆದುಕೊಳ್ಳುತ್ತದೆ. ಅಂತಹ ನೆನಪನ್ನು ಹೊತ್ತವಳಿಗೆ ಅಯೋಧ್ಯೆ ಕೊಟ್ಟ ಉತ್ತರವಾದರೋ ಸಂಶಯ ಮತ್ತು ಕಾಡು. ದಂಡೆಯ ಮೇಲೆ ನಿಂತ ಕೋರಾಳ ಭೂತವನ್ನು ನೋಡಿದಾಗ ನನಗೆ ನೆನಪಾದದ್ದು ಸೀತೆಯ ಈ ಪಟ.

ಹುಮನಾಬಾದಿನ ಸಮೀಪದ ಜಲಸಂಗ್ವಿಯ ಗುಡಿಗೆ ಹೋಗಿ ಬಂದವರು ಅಲ್ಲಿಯ ಶಿಲಾಬಾಲಿಕೆಯರನ್ನು ಕಂಡಿರಬಹುದು. ಕಲ್ಯಾಣದ ಚಾಲುಕ್ಯರ ಕಾಲದ ಕೆತ್ತನೆ. ಅವರಲ್ಲೊಬ್ಬಳು ಬೆನ್ನು ತಿರುಗಿಸಿ ನಿಂತು ಕಲ್ಲಿನ ಮೇಲೆ ಅಕ್ಷರಗಳನ್ನು ಬರೆಯುತ್ತಿದ್ದಾಳೆ. ಬಳುಕಿದ ಸೊಂಟ, ಎತ್ತಿದ ಕೈ. ಇನ್ನೊಂದು ಅಕ್ಷರ ಈಗಲೇ ಮೂಡುವುದೋ ಎಂಬಂತಿದೆ. ಕಲ್ಲಿಗೆ ಚಲನೆ ಕೊಡುವ ವಿದ್ಯೆ ನಮ್ಮವರಿಗೆ ತಿಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆಯನ್ನು. 1076ರಿಂದ 1126ರವರೆಗೆ ಆಳಿದ ಆ ಅರಸನ ಕೀರ್ತಿ ಅವಳ ಕೈಯಿಂದ ಉಳಿದಿದೆ. ಅವಳ ಸುದ್ದಿ ಒಂದಕ್ಷರವೂ ಇಲ್ಲ.

ಸೆರೆಮನೆಯ ಭೇಟಿ

ಕಥೆಗೆ ಮರಳೋಣ. ನಾಲ್ಕನೆಯ ಪುಸ್ತಕದ ಒಂಬತ್ತನೆಯ ಕಂತಿನಲ್ಲಿ ಕೋರಾ ಜಹೀರನ ಸೆರೆಮನೆಗೆ ಹೋಗುತ್ತಾಳೆ. ಜೊತೆಗೆ ಬಂದ ಗೆಳೆಯನನ್ನು ಹೊರಗೆ ನಿಲ್ಲಿಸಿ ಒಬ್ಬಳೇ ಒಳಹೋಗುತ್ತಾಳೆ. ಅವನು ಸಂಕೋಲೆಗಳ ನಡುವೆ ಗಾಳಿಯಲ್ಲಿ ತೇಲುತ್ತಿದ್ದಾನೆ. ನಿನಗೆ ನಾನಿನ್ನು ಹೆದರುವುದಿಲ್ಲವೆಂದು ಹೇಳಲೆಂದೇ ಬಂದವಳು. ಅವನು ಥಟ್ಟನೆ ಮುಂದಕ್ಕೆ ನುಗ್ಗುತ್ತಾನೆ. ಸಂಕೋಲೆ ಅವನನ್ನು ಅವಳ ಮುಖದ ಹತ್ತಿರ ತಡೆಯುತ್ತದೆ. ಅವಳು ಹಿಂದಕ್ಕೆ ಬೀಳುತ್ತಾಳೆ. ಬಂದ ಕಾರ್ಯ ಕೆಟ್ಟಿತೆಂದೇ ನಮಗೆ ತೋರುತ್ತದೆ.

ಆಮೇಲಿನದು ಅನಿರೀಕ್ಷಿತ. ತಾನು ರಾಣಿಯನ್ನು ಕೊಂದು ಹುಟ್ಟಿಸಿದ ಅರಾಜಕತೆಯಿಂದಲೇ ಕುವೀರಾಳಂತಹ ಸರ್ವಾಧಿಕಾರಿಣಿ ತಲೆಯೆತ್ತಿದಳೆಂದು ಅರಿತ ಜಹೀರ್, ಕೋರಾಳಿಗೆ ನೆರವಾಗಲು ಒಪ್ಪುತ್ತಾನೆ. ಧ್ಯಾನಕ್ಕೆ ಕುಳಿತಾಗ ವಿಷದ ದಿನದ ದೃಶ್ಯ ಮತ್ತೆ ಏಳುತ್ತದೆ. ಪ್ರತಿ ಸಲವೂ ಅವಳು ಅರ್ಧಕ್ಕೇ ಕಣ್ತೆರೆದುಬಿಡುತ್ತಿದ್ದಳು. ಈ ಸಲ, ತಡೆಯಬೇಡ, ಕೊನೆಯವರೆಗೂ ನಡೆಯಲು ಬಿಡು, ಆದದ್ದನ್ನು ಆಯಿತೆಂದು ಒಪ್ಪಿಕೋ ಎಂಬುದು ಅವನ ಉಪದೇಶದ ಸಾರ. ಅವಳು ನಡುಗುತ್ತಲೇ ಕುಳಿತಿರುತ್ತಾಳೆ. ದೃಶ್ಯವು ಎಲ್ಲಿ ಮುಗಿಯುತ್ತದೆಂಬುದನ್ನು ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ನೋಡುತ್ತಾಳೆ. ಅದರಾಚೆಗೆ ಅವಳು ಕಳೆದುಕೊಂಡಿದ್ದ ಆತ್ಮಲೋಕದ ದಾರಿಯಿದೆ, ಅವಳೊಳಗಿನ ರಾವಾ ಎಂಬ ಚೈತನ್ಯವಿದೆ. ಅದು ಎಂದೂ ಅವಳನ್ನು ಬಿಟ್ಟುಹೋಗಿರಲಿಲ್ಲ. ಅಲ್ಲಿಗೆ ಮುಟ್ಟಿಸಿದ ಜಹೀರ್ ಕ್ಷಮೆಯನ್ನು ಬೇಡುವುದಿಲ್ಲ, ಇವಳೂ ಕೊಡುವುದಿಲ್ಲ. ಕರ್ತೃಗಳ ಸಂಯಮ ನನಗೆ ಬಹಳ ಹಿಡಿಸಿದ್ದು ಇಲ್ಲಿಯೇ. ನಮ್ಮ ಚಲಚ್ಚಿತ್ರವಾಗಿದ್ದರೆ ಖಳನಾಯಕನು ಕಾಲಿಗೆ ಬಿದ್ದು ಅಳದೆ ಬಿಡುತ್ತಿದ್ದನೆ?

ಈ ದೃಶ್ಯವನ್ನು ನೋಡಿದ ಬೀದರ ಸೀಮೆಯವನಿಗೆ ಕಲ್ಯಾಣದ ನೆನಪು ಬಾರದಿರದು. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಒಬ್ಬ ತರುಣಿ ನಡೆದು ಬಂದಳು. ಕೌಶಿಕನೆಂಬ ಅರಸನು ಅವಳ ರೂಪಕ್ಕೆ ಮರುಳಾಗಿ ಬಲವಂತ ಹೂಡಿದ್ದನು. ಅವನೊಡನೆ ಮದುವೆ ನಡೆಯಿತೋ ಇಲ್ಲವೋ ಎಂಬಲ್ಲಿ ಕವಿಗಳಿಗೆ ಒಮ್ಮತವಿಲ್ಲ, ಅವಳು ಅವನನ್ನೂ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದು ಹೊರಟಳೆಂಬಲ್ಲಿ ಉಂಟು. ಕಲ್ಯಾಣದ ಅನುಭವಮಂಟಪದಲ್ಲಿ ಅವಳನ್ನು ಮೊದಲು ಎದುರುಗೊಂಡದ್ದು ಆದರದ ಮಾತಲ್ಲ. ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ‘ಶೂನ್ಯಸಂಪಾದನೆ’ಯಲ್ಲಿ ಆ ಪ್ರಸಂಗವನ್ನು ಓದಿದವರಿಗೆ ಗೊತ್ತು, ಅಲ್ಲಮಪ್ರಭುವಿನ ಪ್ರಶ್ನೆಗಳು ಎಷ್ಟು ಕಠೋರವಾಗಿವೆಯೆಂದು. ತುಂಬುಹರೆಯದವಳು ಇಲ್ಲಿಗೇಕೆ ಬಂದೆ, ನಿನ್ನ ಗಂಡನಾರು, ಎಲ್ಲವನ್ನೂ ಬಿಟ್ಟವಳು ಮೈಯನ್ನು ಕೂದಲಿನಿಂದ ಮರೆಮಾಡಿಕೊಂಡಿರುವೆಯೇಕೆ — ಹುಣ್ಣು ಎಲ್ಲಿದೆಯೋ ಅಲ್ಲಿಯೇ ಬೆರಳಿಟ್ಟು ಕೇಳುತ್ತಾನೆ. ತುಂಬಿದ ಸಭೆ. ಅವಳು ಓಡುವುದಿಲ್ಲ, ಸಿಡುಕುವುದಿಲ್ಲ. ಒಂದೊಂದಕ್ಕೂ ಉತ್ತರ ಹೇಳುತ್ತಾಳೆ. ಪ್ರಶ್ನೆಗಳು ಮುಗಿದಾಗ ಆ ತರುಣಿ ಹಿರಿಯ ಶರಣರಿಗೂ ಅಕ್ಕನಾಗಿದ್ದಳು.

ಅಕ್ಕನೆಲ್ಲಿ, ಬೊಂಬೆಚಿತ್ರದ ಹುಡುಗಿಯೆಲ್ಲಿ ಎಂದು ಯಾರಾದರೂ ಹುಬ್ಬೇರಿಸಿದರೆ ಅವರ ಮಾತು ನ್ಯಾಯವೇ. ಅಕ್ಕನು ಧೈರ್ಯವನ್ನು ಕಳೆದುಕೊಂಡು ಬಂದವಳಲ್ಲ. ಹೋಲಿಕೆಯನ್ನು ಅಷ್ಟು ದೂರ ಎಳೆಯಲಾಗದು. ನನಗೆ ಮುಖ್ಯವಾದುದು ಇಬ್ಬರೂ ನಿಂತ ನೆಲದ ವ್ಯತ್ಯಾಸ. ಅಕ್ಕನನ್ನು ಪ್ರಶ್ನಿಸಿದವನು ಅವಳಿಗೆ ನೋವು ಕೊಟ್ಟವನಲ್ಲ, ಅವಳ ಹಿತವನ್ನು ಬಯಸಿದ ಗುರು. ಸುತ್ತಲೂ ಬಸವಣ್ಣನಂತಹವರು ಕುಳಿತಿದ್ದರು. ಕೋರಾ ಉತ್ತರವನ್ನು ಹುಡುಕಿದ್ದು ವಿಷ ಕೊಟ್ಟವನ ಬಳಿ, ಕತ್ತಲೆಯ ಕೋಣೆಯಲ್ಲಿ. ಕಥೆಗೆ ಅದು ಚೆಂದ. ಸಂಸಾರದಲ್ಲಿ ಬಾಳುವ ನಮ್ಮ ಹೆಣ್ಣುಮಕ್ಕಳಿಗೆ ಅದು ದಾರಿಯೆಂದು ಯಾರೂ ತಿಳಿಯಬಾರದು.

ವೈದ್ಯರ ಅಭಿಪ್ರಾಯವೂ ಹೀಗೆಯೇ ಇದೆ. ಘೋರವಾದ ಅನುಭವದ ಅನಂತರ ಮನಸ್ಸಿನಲ್ಲಿ ಉಳಿಯುವ ಈ ಬೇನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಪ್ರತ್ಯೇಕವಾದ ಹೆಸರನ್ನೂ ಸ್ಥಾನವನ್ನೂ ಕೊಟ್ಟಿತು. ನಡೆದದ್ದು ಮತ್ತೆ ಮತ್ತೆ ಕಣ್ಮುಂದೆ ಕಟ್ಟುವುದು, ಅದನ್ನು ನೆನಪಿಸುವ ಜಾಗವನ್ನೂ ಜನರನ್ನೂ ತಪ್ಪಿಸಿಕೊಂಡು ತಿರುಗುವುದು, ಚಿಕ್ಕ ಸದ್ದಿಗೂ ಬೆಚ್ಚುವುದು, ನಿದ್ರೆ ಬಾರದಿರುವುದು ಅದರ ಲಕ್ಷಣಗಳು. ಕೋರಾಳ ದೋಣಿ ತಿರುಗಿದ್ದೂ ಕಾಗದಗಳಿಗೆ ಉತ್ತರ ಹೋಗದಿದ್ದುದೂ ಇದೇ. ಜುಡಿತ್ ಹರ್ಮನ್ ಎಂಬ ವೈದ್ಯೆ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗುಣಮುಖವಾಗುವ ಹಾದಿಯ ಮೂರು ಘಟ್ಟಗಳನ್ನು ವಿವರಿಸುತ್ತಾಳೆ: ಮೊದಲು ಸುರಕ್ಷಿತವಾದ ನೆಲೆ, ಆಮೇಲೆ ನಡೆದುದನ್ನು ನೆನೆದು ಅತ್ತು ಹೇಳುವುದು, ಕೊನೆಗೆ ಜನರೊಡನೆ ಮತ್ತೆ ಕೂಡಿಕೊಳ್ಳುವುದು. ನೆನಪನ್ನು ಅರ್ಧದಲ್ಲಿ ನಿಲ್ಲಿಸದೆ ಕೊನೆಯವರೆಗೂ ಹೇಳಿಸುವ ಚಿಕಿತ್ಸೆ ಇಂದು ರೂಢಿಯಲ್ಲಿದೆ. ಆದರೆ ಅದು ಅನುಭವಸ್ಥ ವೈದ್ಯರ ಎದುರಿನಲ್ಲಿ, ರೋಗಿಯ ಒಪ್ಪಿಗೆಯಿಂದ, ಹದವರಿತು ನಡೆಯತಕ್ಕದ್ದು. ಹಿಂಸೆ ಕೊಟ್ಟವನ ಬಾಗಿಲಿಗೆ ಯಾವ ವೈದ್ಯನೂ ಯಾರನ್ನೂ ಕಳುಹಿಸುವುದಿಲ್ಲ. ಭಾರತ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ದೂರದ ಹಳ್ಳಿಯವರಿಗೆ ಇದು ಸಣ್ಣ ಅನುಕೂಲವೇನಲ್ಲ.

ನಮ್ಮ ಸೀಮೆಯ ಹಳೆಯ ಲೋಹ

ಈ ವಿಷಯವನ್ನು ನಾನು ಇಷ್ಟು ಬೆಳೆಸಿ ಬರೆಯಲು ನಮ್ಮ ಸೀಮೆಯ ಇತಿಹಾಸವೂ ಒಂದು ಕಾರಣ. ಬೀದರ ಜಿಲ್ಲೆ 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ದೇಶ ಸ್ವತಂತ್ರವಾದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿಯ ಹಳ್ಳಿಗಳು ರಜಾಕಾರರ ಕೈಯಲ್ಲಿ ನರಳಿದವು. 1948ರಲ್ಲಿ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದ ಹೆಸರು ಕೇಳಿದರೆ ಇಂದಿಗೂ ಹಿರಿಯರ ಮುಖ ಕಪ್ಪಿಡುತ್ತದೆ. ಆ ವರ್ಷದ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದು ಕೆಲವೇ ದಿನಗಳಲ್ಲಿ ಸಂಸ್ಥಾನ ಶರಣಾಯಿತು. ಅಲ್ಲಿಗೆ ನೋವು ಮುಗಿಯಲಿಲ್ಲ. ಈ ಬಾರಿ ಪೆಟ್ಟು ಬಿದ್ದದ್ದು ಹಳ್ಳಿಗಳ ಮುಸಲ್ಮಾನ ಮನೆಗಳ ಮೇಲೆ. ಅದನ್ನು ವಿಚಾರಿಸಲು ಕೇಂದ್ರ ಸರಕಾರವು ಪಂಡಿತ ಸುಂದರಲಾಲರ ನೇತೃತ್ವದ ಸಮಿತಿಯೊಂದನ್ನು ಕಳುಹಿಸಿತು. ಸತ್ತವರು 27 ಸಾವಿರದಿಂದ 40 ಸಾವಿರವೆಂದು ಅಂದಾಜು ಮಾಡಿದ ಆ ಸಮಿತಿ, ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದು, ಗುಲ್ಬರ್ಗಾ, ನಾಂದೇಡಗಳ ಜೊತೆಗೆ ಬೀದರನ್ನೂ ಹೆಸರಿಸಿತು. ವರದಿ ದಶಕಗಳ ಕಾಲ ಬೆಳಕು ಕಾಣದೆ ಉಳಿಯಿತು.

ಸೆಪ್ಟೆಂಬರ್ 17ನ್ನು ನಾವು ಪ್ರತಿವರ್ಷವೂ ಉತ್ಸವವಾಗಿ ಆಚರಿಸುತ್ತೇವೆ. ಧ್ವಜ ಏರುತ್ತದೆ, ಭಾಷಣಗಳಾಗುತ್ತವೆ. ಅದು ಸರಿಯಾದುದೇ. ಆದರೆ ಆ ಎರಡು ಋತುಗಳನ್ನು ಮೈಮೇಲೆ ಹಾಯಿಸಿಕೊಂಡ ಹೆಂಗಸರು ನಮ್ಮ ಎರಡೂ ಬಗೆಯ ಮನೆಗಳಲ್ಲಿ ಮುಪ್ಪಾಗಿ ಹೋದರು. ಬಾಲ್ಯದಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳಿದವರನ್ನು ವಿಚಾರಿಸಿ ನೋಡಿ: ರಾಜರಾಣಿಯರ ಕಥೆ ಹೇಳಿದ್ದಾಳೆ, ದೆವ್ವದ ಕಥೆ ಹೇಳಿದ್ದಾಳೆ, ಬರಗಾಲದ ಕಥೆಯನ್ನೂ ಹೇಳಿದ್ದಾಳೆ. ಆ ವರ್ಷದ ಮಾತು ಬಂದಾಗ ಮಾತ್ರ ‘ಹಾವಳಿ ಆಗಿತ್ತಪ್ಪ’ ಎಂದು ಮಗ್ಗುಲು ಬದಲಿಸಿದ್ದಾಳೆ. ರಾತ್ರಿ ಬಾಗಿಲಿನ ಅಗುಳಿಯನ್ನು ಎರಡು ಸಲ ಎದ್ದು ಮುಟ್ಟಿ ನೋಡುತ್ತಿದ್ದವಳು ಏಕೆ ಹಾಗೆ ಮಾಡುತ್ತಿದ್ದಳೆಂದು ಯಾರೂ ಕೇಳಲಿಲ್ಲ. ಮುದುಕಿಯ ಚಾಳಿ ಎಂದುಕೊಂಡರು. ಅವಳನ್ನು ಸುತ್ತುಗಟ್ಟಿ ಕುಳಿತು ಕೇಳುವ ಮಂಟಪ ಇರಲಿಲ್ಲ. ಕಲ್ಯಾಣ ಕೂಗಳತೆಯಲ್ಲಿದ್ದರೂ ಇರಲಿಲ್ಲ.

ಈಗಲೂ ತೊಂಬತ್ತರ ಹತ್ತಿರದ ಹಲವರು ಹಳ್ಳಿಗಳಲ್ಲಿದ್ದಾರೆ. ಕಾಲೇಜಿನ ತರುಣ ತರುಣಿಯರು ರಜೆಯಲ್ಲಿ ಊರಿಗೆ ಹೋದಾಗ, ಒತ್ತಾಯ ಮಾಡದೆ, ಅವರಿಗೆ ಹೇಳಬೇಕೆನ್ನಿಸಿದಷ್ಟನ್ನು, ಅವರದೇ ನುಡಿಯಲ್ಲಿ ಬರೆದಿಟ್ಟುಕೊಂಡರೆ ಆಗಬಹುದು. ಜಾತಿ ಮತ ನೋಡಬಾರದು. ಹೇಳಲೊಲ್ಲದವರ ಮುಂದೆ ಪುಸ್ತಕ ಮುಚ್ಚಿ ಸುಮ್ಮನೆ ಕುಳಿತಿರಬೇಕು.

ಕೋರಾಳ ಕಥೆಯ ಕೊನೆಯನ್ನು ಹೇಳದೆ ಬಿಟ್ಟರೆ ವಾಚಕರು ಕೋಪಿಸಿಕೊಂಡಾರು. ಕುವೀರಾಳ ಆಯುಧ ಅವಳ ಕೈಮೀರಿ ಅವಳ ಮೇಲೆಯೇ ತಿರುಗಿದಾಗ ಕೋರಾ ಅಡ್ಡ ನಿಂತು ಶತ್ರುವನ್ನು ಉಳಿಸುತ್ತಾಳೆ. ಕುವೀರಾ ಅನಾಥಳಾಗಿ ಬೆಳೆದವಳು, ಅಧಿಕಾರದಿಂದ ತನ್ನ ಭಯವನ್ನು ಮುಚ್ಚಿಕೊಂಡವಳು; ಅವಳಲ್ಲಿ ಕೋರಾ ತನ್ನನ್ನೇ ಕಾಣುತ್ತಾಳೆ. ತಾನು ಪಟ್ಟ ಯಾತನೆಯೇ ಇತರರ ಮೇಲೆ, ಕುವೀರಾಳಂತಹವಳ ಮೇಲೆಯೂ, ಕರುಣೆ ಹುಟ್ಟುವಂತೆ ಮಾಡಿತೆಂದು ಅವಳು ಕೊನೆಯಲ್ಲಿ ಗುರುವಿನೊಡನೆ ಹೇಳಿಕೊಳ್ಳುವ ಮಾತು ನನಗೆ ಸ್ವಲ್ಪ ಅವಸರದ್ದೆಂದು ತೋರಿತು. ಯಾತನೆ ಎಲ್ಲರಿಗೂ ಕರುಣೆಯನ್ನು ಕಲಿಸುವುದಿಲ್ಲ. ಕೆಲವರಿಗೆ ಬರಿಯ ನೋವನ್ನಷ್ಟೇ ಕೊಟ್ಟು ಹೋಗುತ್ತದೆ. ಹಣದ ಮುಗ್ಗಟ್ಟಿನಿಂದ ಎಂಟನೆಯ ಕಂತನ್ನು ಹಳೆಯ ದೃಶ್ಯಗಳ ತುಣುಕುಗಳಿಂದ ಹೊಲಿದು ಮುಗಿಸಿದ್ದಾರೆಂಬುದನ್ನೂ ಹೇಳಿಬಿಡಬೇಕು; ಅದನ್ನು ಬಿಟ್ಟು ಮುಂದೆ ಹೋದರೂ ನಷ್ಟವಿಲ್ಲ.

ಮನೆಯಲ್ಲಿ ಮಕ್ಕಳೊಡನೆ ಕುಳಿತು ನೋಡಬೇಕೆನ್ನುವವರಿಗೆ ಒಂದೆರಡು ಮಾತು. ವಿಷದ ಪ್ರಸಂಗ ಬರುವ ಮೂರನೆಯ ಪುಸ್ತಕದ ಕೊನೆಯ ಕಂತು ಹತ್ತು ವರ್ಷದೊಳಗಿನವರಿಗೆ ಬೇಡ. ದೊಡ್ಡವರೇ ಕುರ್ಚಿಯ ಕೈ ಹಿಡಿದುಕೊಳ್ಳುವಂತಿದೆ. ನಾಲ್ಕನೆಯ ಪುಸ್ತಕದ ಎರಡನೆಯ ಮತ್ತು ಒಂಬತ್ತನೆಯ ಕಂತುಗಳನ್ನು ಮಾತ್ರ ಅಡಿಗೆಮನೆಯ ಕೆಲಸದ ನಡುವೆ ಅರೆಗಣ್ಣಿನಿಂದ ನೋಡಬಾರದು. ಒಂದೊಂದು ಕಂತೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸಾರು ಆಮೇಲೆ ಬಿಸಿ ಮಾಡಿಕೊಂಡರಾಯಿತು.